ದುರುಗೇಶ ಬೇಡವೆಂದ ಪ್ಯಾಚ್

೨೦೦೮ರ ಮೇ ತಿಂಗಳು. ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಪುಷ್ಪಾವತಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಳು. ಮೆಣಸಿನಕಾಯಿ ಕೋಣೆಗಳ ತಂಪು ಒಂದು ಲಿನಕ್ಸ್ ಸರ್ವರಿನ ಹಿಡಿತದಲ್ಲಿತ್ತು. ಅದಕ್ಕೆ ಹೊರಗಿನಿಂದ ಲಾಗಿನ್ ಆಗುವ ಕೀಲಿಗಳನ್ನು ಯಾರು ಬೇಕಾದರೂ ಊಹಿಸಬಹುದು, ಆ ತೂತು ಮುಚ್ಚುವ ಪ್ಯಾಚ್ ಬಂದಿದೆ ಎಂದು ಇಂಟರ್ನೆಟ್ಟಿನಲ್ಲಿ ಓದಿದ ದಿನವೇ ಅವಳು ಮ್ಯಾನೇಜರ್ ದುರುಗೇಶನಿಗೆ ಇಮೇಲ್ ಕಳಿಸಿದಳು. ಒಂದೇ ಸಾಲಿನ ಉತ್ತರ ಬಂತು: "ಸೀಸನ್ ಮುಗಿಯುವವರೆಗೆ ಸರ್ವರ್ ಮುಟ್ಟಬೇಡ."

ಹತ್ತೇ ದಿನಕ್ಕೆ ಯಾರೋ ಒಳನುಗ್ಗಿ ಎರಡನೇ ಕೋಣೆಯ ತಂಪು ಕೆಡಿಸಿದರು. ಪರದೆಯ ಮೇಲಿನ ಉಷ್ಣತೆಯ ಅಂಕಿ ಮಾತ್ರ ಸರಿಯಾಗಿಯೇ ಇತ್ತು. ಬಾಗಿಲು ತೆಗೆಯುವಷ್ಟರಲ್ಲಿ ಕಾಯಿ ಬಣ್ಣ ಬಿಟ್ಟಿತ್ತು.

"ಪಾಸ್‌ವರ್ಡ್ ಹೊರಗ ಕೊಟ್ಟಾಕಿ ಈಕೀನರಿ," ಎಂದ ದುರುಗೇಶ, ಅಲ್ಲಿ ಕಾಯಿ ಇಟ್ಟಿದ್ದ ವರ್ತಕರೆಲ್ಲರ ಮುಂದೆ.

ಪುಷ್ಪಾವತಿಯನ್ನು ಅಂದೇ ಕೆಲಸದಿಂದ ತೆಗೆದರು. ಮಾರ್ಕೆಟ್ಟಿನಲ್ಲಿ ಅವಳು ಹಾದುಹೋದರೆ ಹಮಾಲರೂ ಮಾತು ನಿಲ್ಲಿಸುತ್ತಿದ್ದರು.

ವರ್ತಕರು ಮಾಲೀಕರೊಂದಿಗೆ ಸಭೆ ಸೇರುವ ದಿನ ಅವಳು ಹಾವೇರಿಯ ಸೈಬರ್ ಕೆಫೆಯಲ್ಲಿ ಕೂತಳು. ತೂತು ಹಾಗೇ ಇತ್ತು. ಇಪ್ಪತ್ತು ನಿಮಿಷ ಕೀಲಿಗಳನ್ನು ಒಂದೊಂದಾಗಿ ಹಾಕಿ ನೋಡಿದ ಪ್ರೋಗ್ರಾಂ ಅವಳನ್ನು ಒಳಗೆ ಬಿಟ್ಟಿತು. ಎಲ್ಲ ಕೋಣೆಗಳ ತಂಪನ್ನೂ ನಿಲ್ಲಿಸಿ ದುರುಗೇಶನನ್ನು ಬೀದಿಗೆ ತರಬೇಕೆಂದು ಕೈ ತುರಿಸಿತು. ಆದರೆ ಒಂದನೇ ಕೋಣೆಯಲ್ಲಿ ವರ್ತಕ ಇಸಾಕಸಾಬರ ಚೀಲಗಳಿದ್ದವು. ಇಡೀ ಪೇಟೆಯಲ್ಲಿ ಅವಳನ್ನು ಕಳ್ಳಿ ಎನ್ನದವರು ಅವರೊಬ್ಬರೇ. ಅವಳು ಅದೇ ಸರ್ವರಿನಲ್ಲಿದ್ದ ತನ್ನ ಎಚ್ಚರಿಕೆಯ ಇಮೇಲನ್ನೂ ಅದಕ್ಕೆ ದುರುಗೇಶ ಕೊಟ್ಟ ಉತ್ತರವನ್ನೂ ಹುಡುಕಿ, ಸಭೆ ನಡೆಯುತ್ತಿದ್ದ ಆಫೀಸಿನ ಪ್ರಿಂಟರಿಗೆ ಐವತ್ತು ಪ್ರತಿ ಕಳಿಸಿದಳು.

ಸ್ವಲ್ಪ ಹೊತ್ತಿಗೆ ಇಸಾಕಸಾಬರ ಫೋನು. "ಪುಷ್ಪವ್ವಾ, ಪ್ರಿಂಟರ್ ನಿಲ್ಲವಲ್ದು! ಎಲ್ಲಾರ ಕೈಯಾಗೂ ಅವನ ಚೀಟಿ ಐತಿ."

ಮರುದಿನ ದುರುಗೇಶ ಅವಳ ಮನೆ ಬಾಗಿಲಿಗೆ ಬಂದ. "ಆ ತೂತು ನೀನ ಬಂದು ಮುಚ್ಚಬೇಕಂತ ಮಾಲೀಕರು ಹೇಳ್ಯಾರವಾ. ಇಲ್ಲಾಂದ್ರ ನನ್ನ ಕೆಲಸ ಹೋಗತೈತಿ."

ಅವಳು ಅವನನ್ನು ಒಳಗೆ ಕರೆಯಲಿಲ್ಲ. "ಮುಚ್ಚತೇನ್ರಿ. ಮೊದಲ ಅಂಗಡಿ ಅಂಗಡಿಗೆ ಹೋಗಿ ತಪ್ಪು ನಂದು ಅಂತ ಹೇಳ್ರಿ."

ಅವನು ಹೇಳುತ್ತ ಹೋದ. ಅವಳು ಹಿಂದೆಯೇ ನಡೆದಳು. ಇಸಾಕಸಾಬರ ಅಂಗಡಿಗೆ ಬರುವಷ್ಟರಲ್ಲಿ ಅವನ ದನಿ ಉಡುಗಿತ್ತು.

"ಕೇಳಲಿಲ್ರಿ. ಇನ್ನೊಮ್ಮೆ," ಎಂದಳು.

"ಸಾಕು ಬಿಡವ್ವಾ," ಎಂದರು ಇಸಾಕಸಾಬರು. "ಬೆವತು ಹೋಗ್ಯಾನ."

"ಆಚೆ ಸಾಲು ಪೂರಾ ಉಳದೈತಿ ಕಾಕಾ."

ಆ ಸಾಲೂ ಮುಗಿದ ಮೇಲೆ ಅವಳು ಪ್ಯಾಚ್ ಹಾಕಿ, ಹಳೆಯ ಕೀಲಿಗಳನ್ನೆಲ್ಲ ಅಳಿಸಿದಳು. ಮತ್ತೆ ಕೆಲಸಕ್ಕೆ ಬಾ ಎಂದ ಮಾಲೀಕರಿಗೆ ಒಲ್ಲೆನೆಂದು ಹೇಳಿ, ಬೇರೆ ಕೆಲಸ ನೋಡಲು ರಾಣೆಬೆನ್ನೂರಿನ ಬಸ್ ಹತ್ತಿದಳು.