ಹನ್ನೆರಡನೆಯ ಮನೆ

ಹಗ್ಗಕ್ಕೆ ಚಿಮಟಿಗೆ ಹಾಕಿ ತೂಗಬಿಟ್ಟ ಹಾಳೆಗಳಲ್ಲಿ ಕಣ್ಣಿಲ್ಲದ ಪ್ರಾಣಿಗಳು ಒಣಗುತ್ತಿದ್ದವು. ಮೈ, ಉಗುರು, ರೆಕ್ಕೆಯ ಅಂಚು ಎಲ್ಲ ಮುಗಿದಿತ್ತು. ಕಣ್ಣಿನ ಜಾಗದಲ್ಲಿ ಮಾತ್ರ ಬಿಳಿಯ ಬೊಟ್ಟು. ಕಿಟಕಿಯಿಂದ ಗಾಳಿ ಬಂದಾಗ ಅವೆಲ್ಲ ನನ್ನ ಕಡೆ ಹೊರಳಿ, ನನ್ನನ್ನು ನೋಡದೆಯೇ ಮತ್ತೆ ಗೋಡೆಯ ಕಡೆ ತಿರುಗುತ್ತಿದ್ದವು.

ಅದು ಛಾಪಖಾನೆಯ ಅಟ್ಟ. ಕೆಳಗೆ ಅಚ್ಚಿನ ಯಂತ್ರ, ಮೇಲೆ ಪರಪ್ಪ. ಅವನ ಮನೆತನದವರು ದೇವರ ಮೂರ್ತಿಗಳಿಗೆ ಬಣ್ಣ ಹಾಕುವ ಚಿತ್ರಗಾರರು. ಕಣ್ಣು ಬರೆಯುವುದು ಎಲ್ಲಕ್ಕಿಂತ ಕಡೆಗೆ, ಅದೂ ತಲೆಗೆ ನೀರು ಹಾಕಿಕೊಂಡು, ಖಾಲಿ ಹೊಟ್ಟೆಯಲ್ಲಿ. ದೇವರ ಕೆಲಸ ಕಡಿಮೆಯಾಗಿ ಶಾಲೆಯ ಚಾರ್ಟು ಬರೆಯಲು ಬಂದ ಮೇಲೂ ಪರಪ್ಪ ಆ ಪದ್ಧತಿ ಬಿಡಲಿಲ್ಲ. ಹುಲಿಯ ಕಣ್ಣಿಗೂ ಉಪವಾಸ, ಹಲ್ಲಿಯ ಕಣ್ಣಿಗೂ ಉಪವಾಸ. ಚಾರ್ಟಿನ ಹಂಗಾಮಿನಲ್ಲಿ ಅವನು ಬರೆದ ಹುಲಿಗಿಂತ ಅವನೇ ಹೆಚ್ಚು ಹಸಿದಿರುತ್ತಿದ್ದ.

ನಾನು ಆಗ ಊರಿನ ವಾರಪತ್ರಿಕೆಗೆ ಕಾಲಮ್ಮು ಬರೆಯುತ್ತಿದ್ದೆ. ಊರವರ ಕಾಲೆಳೆಯುವುದೇ ಅದರ ಕೆಲಸವಾದ್ದರಿಂದ ಆ ಹೆಸರು ಸರಿಯಾಗಿಯೇ ಇತ್ತು. ಹೊಟ್ಟೆಪಾಡಿಗೆ ಚಾರ್ಟುಗಳ ಒಕ್ಕಣೆ. ಎಂದೂ ಯಾರಿಗೂ ಏನೂ ಕಲಿಸದ ನನ್ನನ್ನು ಪರಪ್ಪ “ಮಾಸ್ತರ” ಎನ್ನುತ್ತಿದ್ದ.

ಛಾಪಖಾನೆಯ ಯಜಮಾನ ಗುರುಪಾದಯ್ಯನವರು ಪ್ರತಿ ವರ್ಷ ಒಂದೊಂದು ದೇಶದ ಜೀವಿಗಳ ಚಾರ್ಟು ತರುತ್ತಿದ್ದರು. ಆ ವರ್ಷ ಪನಾಮಾ. ಯಾಕೆಂದರೆ ರದ್ದಿಯಲ್ಲಿ ಪನಾಮಾದ ಪುಸ್ತಕ ಸಿಕ್ಕಿತ್ತು, ಅಷ್ಟೇ. ಇಂಗ್ಲಿಷ್ ಪುಸ್ತಕ, ಚಿತ್ರದ ಪುಟಗಳನ್ನು ಮೊದಲೇ ಯಾರೋ ಹರಿದುಕೊಂಡಿದ್ದರು. ನಾನು ಓದಿ ಹೇಳಬೇಕು, ಪರಪ್ಪ ಕೇಳಿ ಬರೆಯಬೇಕು. ಈ ಸಲ ಅವನು ಯಜಮಾನರಿಂದ ಒಂದು ಮಾತು ಗಿಟ್ಟಿಸಿಕೊಂಡಿದ್ದ: ಚಾರ್ಟಿನ ಕೆಳಗೆ ಅವನ ಹೆಸರು ಅಚ್ಚಾಗಬೇಕು.

“ದೇವರ ಪಾದದ ಕೆಳಗ ನಮ್ಮ ಹೆಸರು ಬರಿಯಾಂಗಿಲ್ರಿ, ಮಾಸ್ತರ. ನಮ್ಮಪ್ಪ ಊರ ತುಂಬ ಬಣ್ಣ ಹಚ್ಚಿದ, ಅವನ ಹೆಸರು ಎಲ್ಲಿ ಐತಿ ತೋರಸ್ರಿ? ನಂದು ಒಂದಾದ್ರೂ ಇರ್ಲಿ.”

ಪನಾಮಾ ಬಿಟ್ಟರೆ ಬೇರೆಲ್ಲೂ ಹುಟ್ಟದ ಜೀವಿಗಳು ಮಾತ್ರ ಆ ಚಾರ್ಟಿನಲ್ಲಿ ಇರಬೇಕಿತ್ತು. ಅದನ್ನು ತಿಳಿಸಿದಾಗ ಪರಪ್ಪ ಕುಂಚ ಕೆಳಗಿಟ್ಟ.

“ಹಂಗಾರ ಹುಷಾರಿರಬೇಕ್ರಿ. ನಾ ತಪ್ಪ ಬರದ್ರ, ಹಿಂಗಲ್ಲ ಹಂಗ ಅಂತ ತೋರಸಾಕ ಇಲ್ಲಿ ಅದರ ಅಣ್ಣತಮ್ಮ ಯಾರೂ ಇಲ್ಲಲ್ಲ.”

ಒಂದೇ ಒಂದು ನಡುಗಡ್ಡೆಯಲ್ಲಿ ಬದುಕುವ ಕುಬ್ಜ ಸ್ಲಾತ್ ಎಂಬ ಪ್ರಾಣಿಯಿಂದ ಶುರು ಮಾಡಿದೆವು.

“ಎಷ್ಟ ದೊಡ್ಡದ್ರಿ?”

“ಬೆಕ್ಕಿನಷ್ಟು ಅನ್ನು. ಮುಂಗಾಲಿಗೆ ಮೂರು ಉಗುರು. ಗಿಡಕ್ಕ ಜೋತು ಬಿದ್ದಿರ್ತೈತಿ, ಈಜಾಕೂ ಬರ್ತೈತಿ.”

“ಅವಸರ?”

“ಯಾವುದಕ್ಕೂ ಇಲ್ಲ.”

“ಹಂಗಾರ ಮುಖದಾಗ ಒಂಚೂರು ನಗಿ ಇರಬೇಕು,” ಎಂದು ಅವನು ನಕ್ಕು, ಬರೆದ. ಕೊರಳಲ್ಲಿ ಕೆಂಡದಂಥ ಬಣ್ಣದ ಪುಟಾಣಿ ಝೇಂಕಾರದ ಹಕ್ಕಿ ಬಂತು. ನೆಲಕ್ಕೆ ಬೇರು ಬಿಡದೆ, ಬೇರೆ ಮರದ ಮೇಲೆಯೇ ಹುಟ್ಟಿ ತೂಗುವ ಸೈಕಾಡ್ ಜಾತಿಯ ಗಿಡ ಬಂತು. ಕೈ ಬೀಸಿ ಮಾತಾಡುವ ಕಪ್ಪೆ ಬಂತು. ಹೀಗೆ ಹನ್ನೊಂದಾದವು. ಹನ್ನೆರಡನೆಯದಕ್ಕೆ ಪುಟ ತಿರುವಿದರೆ ಅಲ್ಲಿಂದ ಮುಂದೆ ಪುಸ್ತಕವನ್ನು ಗೆದ್ದಲು ಓದಿ ಮುಗಿಸಿತ್ತು.

ನಮ್ಮ ಚಾರ್ಟಿಗೆ ಹನ್ನೆರಡು ಚೌಕ. ಅವಕ್ಕೆ ಛಾಪಖಾನೆಯಲ್ಲಿ ಮನೆ ಎನ್ನುತ್ತಿದ್ದರು. ಎಲ್ಲ ದೇಶಕ್ಕೂ ಅದೇ ಅಚ್ಚು.

“ಹನ್ನೊಂದಕ್ಕ ಮುಗಸೂಣ್ರಿ, ಅಯ್ಯನವರ,” ಎಂದೆ.

“ಉಳದ ಮನಿ ಬಾಡಿಗಿಗೆ ಕೊಡ್ಲೇನು? ನಾಳಿ ಮುಂಜಾನಿ ಹನ್ನೆರಡನೇದು ಬೇಕು. ನಿಮ್ಮ ತಲ್ಯಾಗಿಂದರ ತಗದು ಕೊಡ್ರಿ!” ಎಂದು ಗುರುಪಾದಯ್ಯನವರು ಗದರಿದರು.

ತಲೆಯಿಂದಲೇ ತೆಗೆದು ಕೊಟ್ಟೆ. ಪ್ರಾಣಿಯ ಹೆಸರು ಗುರುಗುರುಕ. ಕುತ್ತಿಗೆ ಇಲ್ಲ, ಗದ್ದ ಎರಡು. ಹೊಟ್ಟೆ ತುಂಬಿದ ಮೇಲೆ ಬಿಲದ ಬಾಯಲ್ಲಿ ಕೂತು, ಬಾಯಿ ತೆರೆದು ನಿದ್ದೆ ಹೋಗುತ್ತದೆ. ಎಚ್ಚರಾದರೆ ಎದುರಿಗೆ ಬಂದವರ ಮೇಲೆ ಗುರುಗುಟ್ಟುತ್ತದೆ. ಗುರುಪಾದಯ್ಯನವರನ್ನು ಮಧ್ಯಾಹ್ನದ ಮೇಲೆ ಛಾಪಖಾನೆಯ ಬಾಗಿಲಲ್ಲಿ ನೋಡಿದ ಯಾರಿಗೂ ಅದರ ಗುರುತು ಹತ್ತದೆ ಇರುವಂತಿರಲಿಲ್ಲ. ಪರಪ್ಪನಿಗೆ ಹತ್ತಲಿಲ್ಲ. ಅವನು ನನ್ನ ಕೈಯಲ್ಲಿದ್ದ ಪುಸ್ತಕವನ್ನು ನಂಬಿದ್ದ. ನಾನು ಗೆದ್ದಲು ತಿಂದ ಪುಟ ನೋಡುತ್ತ, ಓದುವವನ ಹಾಗೆ ಹೇಳುತ್ತಿದ್ದೆ.

“ಜೋಡಿ ಇರಂಗಿಲ್ಲೇನ್ರಿ ಇದಕ್ಕ?”

“ಇಲ್ಲ. ಹತ್ರ ಯಾರೂ ಬರಂಗಿಲ್ಲ.”

ಅವನು ಕುಂಚ ಅದ್ದಿದ. “ಹಂಗಾರ ಅದು ಸಿಟ್ಟಲ್ರಿ, ಮಾಸ್ತರ. ಅಂಜಿಕಿ.”

ಕಣ್ಣು ಬರೆಯುವ ದಿನ ಬೆಳಿಗ್ಗೆ ನಗು ಬಿಗಿಹಿಡಿದುಕೊಂಡೇ ಅಟ್ಟ ಹತ್ತಿದೆ. ಹಗ್ಗದ ಮೇಲಿನ ಉಳಿದ ಪ್ರಾಣಿಗಳಿಗೆಲ್ಲ ಆಗಲೇ ನೋಟ ಬಂದಿತ್ತು. ಒದ್ದೆ ಕೂದಲಿನ ಪರಪ್ಪ ಹನ್ನೆರಡನೆಯದರ ಮುಂದೆ ಉಸಿರು ಬಿಗಿಹಿಡಿದು ಎರಡು ಚುಕ್ಕೆ ಇಟ್ಟು ಹಿಂದೆ ಸರಿದ. ನಾನು ಗೇಲಿಗೆ ಕಟ್ಟಿದ ಆ ಗುಡಾಣದಂಥ ಮೈಯೊಳಗಿಂದ ಯಾರೋ ನನ್ನನ್ನು ನೋಡಿದರು. ಒಬ್ಬಂಟಿ, ಗಾಬರಿಬಿದ್ದ, ಹತ್ತಿರ ಬಾ ಎನ್ನಲು ಬಾರದ ಜೀವ. ನನ್ನ ನಗು ಎಲ್ಲಿ ಹೋಯಿತೋ.

“ಹೆಂಗೈತ್ರಿ?”

ಆಗ ಹೇಳಬಹುದಿತ್ತು. ಹಾಳೆ ಒಂದೇ ಇತ್ತು, ಅಚ್ಚಿಗೆ ಇನ್ನೂ ಹೋಗಿರಲಿಲ್ಲ. ದಿನವಿಡೀ ಮಾತಿನಲ್ಲೇ ಬದುಕುವ ನನಗೆ ಆ ಹೊತ್ತಿಗೆ ಸಿಕ್ಕಿದ್ದು ಒಂದೇ ಮಾತು. “ಭೇಷ್ ಐತಿ,” ಎಂದೆ.

ಐದುನೂರು ಪ್ರತಿ ಅಚ್ಚಾದವು. ಕೆಳಗಿನ ಪಟ್ಟಿಯಲ್ಲಿ ‘ಚಿತ್ರ: ಪರಪ್ಪ ಚಿತ್ರಗಾರ’ ಎಂದಿತ್ತು. ಅವನು ಅದರ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿದ. ಬೆರಳಿಗೆ ಹತ್ತಿದ ಮಸಿಯನ್ನು ಒರೆಸಿಕೊಳ್ಳಲಿಲ್ಲ.

ಮೂರು ವಾರದ ನಂತರ ನನಗೆ ಕಾಲಮ್ಮಿಗೆ ಸರಕಿರಲಿಲ್ಲ. ಅಷ್ಟೇ ಕಾರಣ; ಇದಕ್ಕಿಂತ ದೊಡ್ಡ ಕಾರಣವನ್ನು ಎಷ್ಟೋ ವರ್ಷ ಹುಡುಕಿದ್ದೇನೆ, ಸಿಕ್ಕಿಲ್ಲ. ನಮ್ಮೂರು ಬಿಟ್ಟರೆ ಬೇರೆಲ್ಲೂ ಇಲ್ಲದ ಒಂದು ಪ್ರಾಣಿಯನ್ನು ಪನಾಮಾಕ್ಕೆ ಸಾಗಹಾಕಿದ ಬಗೆಯನ್ನು ಒಂದೇ ಸಲಕ್ಕೆ ಕೂತು ಬರೆದೆ. ಊರು ಹೊಟ್ಟೆ ಹಿಡಿದು ನಕ್ಕಿತು. ಮಧ್ಯಾಹ್ನ ಜನ ಛಾಪಖಾನೆಯ ಮುಂದೆ ಹಾಯ್ದು ಗುರುಪಾದಯ್ಯನವರ ನಿದ್ದೆ ನೋಡಿ ಹೋದರು. ಆಮೇಲೆ ಶಾಲೆಗಳಿಂದ ಕಟ್ಟುಗಳು ವಾಪಸು ಬರತೊಡಗಿದವು. ಇಲ್ಲದ ಪ್ರಾಣಿಯನ್ನು ಮಕ್ಕಳಿಗೆ ತೋರಿಸಿದ ಈ ಪರಪ್ಪ ಯಾರು ಎಂದು ಎಲ್ಲರೂ ಕೇಳುವವರೇ. ಒಕ್ಕಣೆ ಬರೆದವನ ಹೆಸರು ಚಾರ್ಟಿನಲ್ಲಿ ಇರಲೇ ಇಲ್ಲ. ಇದ್ದದ್ದು ಅವನದೊಂದೇ.

ಗುರುಪಾದಯ್ಯನವರು ಎರಡು ಆಜ್ಞೆ ಮಾಡಿದರು. ಹನ್ನೆರಡನೆಯ ಮನೆಗೆ ಬಿಳಿ ಚೀಟಿ ಅಂಟಿಸಬೇಕು. ಹೆಸರಿನ ಪಟ್ಟಿಯನ್ನು ಕತ್ತರಿಸಿ ತೆಗೆಯಬೇಕು.

ನಾನು ಅಟ್ಟ ಹತ್ತಿದಾಗ ಪಟ್ಟಿಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಹಗ್ಗ ಖಾಲಿ ಇತ್ತು. ಪರಪ್ಪ ಗೋಂದಿನ ಬಟ್ಟಲ ಪಕ್ಕ ಬಣ್ಣದ ಬಟ್ಟಲನ್ನೂ ಇಟ್ಟುಕೊಂಡು ಕೂತಿದ್ದ. ತಲೆಯ ನೀರು ಇನ್ನೂ ಆರಿರಲಿಲ್ಲ. ಚೀಟಿ ಅಂಟಿಸುವ ಮೊದಲು ಗುರುಗುರುಕದ ಕಣ್ಣಿನ ಮೇಲೆ ಒಂದೊಂದು ಮುಚ್ಚಿದ ರೆಪ್ಪೆ ಎಳೆಯುತ್ತಿದ್ದ. ಒಂದು ಹಾಳೆಯಲ್ಲಲ್ಲ, ಐದುನೂರು ಹಾಳೆಗಳಲ್ಲಿ.

“ಪರಪ್ಪಾ, ತಪ್ಪಾತು,” ಎಂದೆ.

“ಕಣ್ಣ ತೆರದ ಜೀವದ ಮ್ಯಾಲ ಚೀಟಿ ಹಚ್ಚಬಾರದ್ರಿ,” ಎಂದ, ತಲೆ ಎತ್ತದೆ.

ನಾನು ಪಕ್ಕದಲ್ಲಿ ಕೂತು ಒಂದೊಂದೇ ಹಾಳೆ ಮುಂದಿಟ್ಟೆ. ಅವನು ಬೇಡ ಎನ್ನಲಿಲ್ಲ. ಹತ್ತಿಪ್ಪತ್ತು ಹಾಳೆ ಆಗಿರಬೇಕು, ಅವನ ಕುಂಚ ಏಳನೆಯ ಮನೆಯ ಮೇಲೆ ಬಂದು ನಿಂತಿತು. ಅಲ್ಲಿ ಅರಿಸಿನದ ಮೈಗೆ ಕಪ್ಪು ಮಚ್ಚೆಯ ಆ ಕಪ್ಪೆ ಇತ್ತು.

“ಇದು ಕೈ ಬೀಸಿ ಮಾತಾಡ್ತೈತಿ ಅಂದಿದ್ರಿ.”

“ಹೌದು. ಹಳ್ಳದ ಸಪ್ಪಳದಾಗ ಕೂಗಿದ್ದು ಕೇಳಂಗಿಲ್ಲ. ಅದಕ್ಕ ಕೈ ಎತ್ತಿ ಬೀಸ್ತೈತಿ. ಇದು ಖರೇ, ಪರಪ್ಪಾ. ನಿನ್ನಾಣಿ ಖರೇ.”

ಅವನು ಮೊದಲ ಸಲ ನನ್ನ ಮುಖ ನೋಡಿದ. “ಹನ್ನೆರಡನೇದನ್ನೂ ಹಂಗ ಪುಸ್ತಕಾ ಹಿಡಕೊಂಡ ಹೇಳಿದ್ರಿ.”

ನಾನು ಕೆಳಗೆ ಓಡಿಹೋಗಿ ಪುಸ್ತಕ ತಂದೆ. ಪುಟ ತೆರೆದು ಸಾಲಿನ ಕೆಳಗೆ ಬೆರಳಿಟ್ಟೆ. ಅವನಿಗೆ ಇಂಗ್ಲಿಷ್ ಬಾರದು. ನನ್ನ ಬೆರಳನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕುಂಚ ಅದ್ದಿ, ಕಪ್ಪೆಯ ಕಣ್ಣಿನ ಮೇಲೂ ರೆಪ್ಪೆ ಎಳೆದ.

ಆ ಹಳ್ಳಗಳಲ್ಲಿ ಈಗ ಆ ಕಪ್ಪೆ ಯಾರಿಗೂ ಕಾಣಸಿಗುತ್ತಿಲ್ಲವೆಂದು ಎಷ್ಟೋ ಕಾಲದ ಮೇಲೆ ಓದಿದೆ. ಆ ದಿನ ನಾನು ಮಾಡಿದ್ದು ಇಷ್ಟೇ: ಒದ್ದೆ ರೆಪ್ಪೆ ಒಣಗಲೆಂದು ಊದಿದೆ, ಚೀಟಿಗೆ ಗೋಂದು ಹಚ್ಚಿ ಕೊಟ್ಟೆ. ಚೀಟಿಗಳನ್ನು ಕತ್ತರಿಸಿದ್ದು ಮನೆಯ ಅಳತೆಗೆ. ಕಪ್ಪೆಯನ್ನು ಬರೆಯುವಾಗ ಪರಪ್ಪ ಖುಷಿಯಲ್ಲಿ ಅದರ ಕೈಯನ್ನು ಗೆರೆ ದಾಟಿಸಿ ಹೊರಗೆ ಚಾಚಿಬಿಟ್ಟಿದ್ದ. ಈಗ ಆ ಕಪ್ಪೆಯ ಮೇಲೂ ಚೀಟಿ ಅಂಟಿಸಿ ಅಂಗೈಯಿಂದ ಒತ್ತಿ ಸಮ ಮಾಡಿದ. ಬಿಳಿಯ ಅಂಚಿನ ಆಚೆ, ಎತ್ತಿದ ಹಳದಿ ಕೈಯೊಂದು ಉಳಿಯಿತು.