ಗಾನವಿಯ ಟಿ.ಸಿ. ಕೇಳಿದ್ದು ಯಾಕೆ?

ಮೊಬೈಲಿನ ವಿಷಯ ಎತ್ತಿದರೆ ಸಾಕು, ನಮ್ಮ ಹೆಡ್‌ಮಾಸ್ಟರ್ ಗಂಗಾಧರಪ್ಪನವರದು ಒಂದೇ ಮಾತು. "ಗೇಟಿಂದ ಆಚೆ ನಡೆಯೋದು ನಮಗ್ಯಾಕ್ರೀ ಮೇಡಂ?" ಕೇಳಿ ಕೇಳಿ ನನಗೆ ಸಾಕಾಗಿಹೋಗಿದೆ. ನಾನು ಪುಷ್ಪಲತಾ, ಗಂಡಸಿ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಹತ್ತನೇ ತರಗತಿಯ ಕ್ಲಾಸ್ ಟೀಚರ್.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ನನ್ನ ಕ್ಲಾಸಿನ ಗಾನವಿಯ ಅಪ್ಪ ಚಿಕ್ಕಣ್ಣ ಆಫೀಸಿಗೆ ಬಂದರು. ಕೂತ್ಕೊಳ್ಳಿ ಅಂದರೂ ಕೂರಲಿಲ್ಲ.

"ಮಗಳ ಟಿ.ಸಿ. ಕೊಟ್ಬಿಡಿ ಸಾರ್. ಇಸ್ಕೂಲಿಗೆ ಹೋಗಲ್ಲ ಅಂತ ಹಟ ಹಿಡ್ದವ್ಳೆ. ಬೈದಿದ್ದೂ ಆಯ್ತು, ಹೊಡೆದಿದ್ದೂ ಆಯ್ತು."

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮೂರೇ ತಿಂಗಳು. ಗಾನವಿ ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುವ ಹುಡುಗಿ. ಹೆಡ್‌ಮಾಸ್ಟರ್ ನೋಡಿದರೆ ಅರ್ಜಿ ಬರೆಸೋಕೆ ಆಗಲೇ ಬಿಳಿ ಹಾಳೆ ತೆಗೆದಿದ್ದಾರೆ!

"ಸಾರ್, ಯಾಕೆ ಅಂತ ಕೇಳೋದು ಬೇಡ್ವಾ?" ನನ್ನ ದನಿ ಏರಿಯೇ ಹೋಯಿತು.

"ಈ ವಯಸ್ಸಲ್ಲಿ ಹೆಣ್ಮಕ್ಳು ಹಿಂಗೇ ಕಣ್ರೀ."

ಬಿಸಿಯೂಟದ ರುಕ್ಮಿಣಮ್ಮ ಬಾಗಿಲಲ್ಲೇ ನಿಂತಿದ್ದರು. "ಆ ಮಗು ಎರಡು ವಾರದಿಂದ ರಾಗಿ ಮಾಲ್ಟ್ ಮುಟ್ಟಿಲ್ಲ ಸಾರ್. ಲೋಟ ಹಿಡಿದ್ರೆ ಸಾಕು, ಉಳಿದವು 'ಗಾನಪ್ಪ, ಗಾನಪ್ಪ' ಅಂತ ಕಿಸಿಕಿಸಿ ಅಂತಾವೆ. ಮೊನ್ನೆ ಹೇಳಕ್ಕೆ ಬಂದ್ರೆ ಆಮೇಲೆ ಬನ್ನಿ ಅಂದ್ರಿ."

ಬರೆದ ಅರ್ಜಿ ನಿಮ್ಮ ಜೇಬಲ್ಲೇ ಇರಲಿ, ಎರಡು ದಿನ ಸಮಯ ಕೊಡಿ ಅಂತ ಚಿಕ್ಕಣ್ಣನವರನ್ನು ಬೇಡಿಕೊಂಡು, ಸ್ಟಾಫ್ ರೂಮಿಗೆ ಬಂದು ಕ್ಲಾಸಿನ ವಾಟ್ಸಾಪ್ ಗ್ರೂಪ್ ತೆರೆದೆ. ಹೋಂವರ್ಕ್ ಹಾಕೋಕೆ ನಾನೇ ಮಾಡಿದ ಗ್ರೂಪ್, ನಾನೇ ಅಡ್ಮಿನ್. ಟಿಣ್ ಟಿಣ್ ಸದ್ದು ತಲೆನೋವು ಅಂತ ಮ್ಯೂಟ್ ಮಾಡಿದ್ದೆ. ಹೋಂವರ್ಕ್ ಹಾಕಿ ಮುಚ್ಚಿಬಿಡುತ್ತಿದ್ದೆ, ಮಕ್ಕಳ ಮೆಸೇಜು ಓದುತ್ತಿರಲಿಲ್ಲ.

ರಾಗಿ ಮಾಲ್ಟ್ ಹಂಚಿದ ದಾಖಲೆಗೆ ಅಂತ ಫೋಟೋ ತೆಗೆದು, ಚೆನ್ನಾಗಿ ಬಂದಿದೆ ಅಂತ ಈ ಗ್ರೂಪಿಗೂ ಹಾಕಿದ್ದೆ. ಅದರಿಂದ ಗಾನವಿಯ ಮುಖ ಮಾತ್ರ ಕತ್ತರಿಸಿ, ತುಟಿ ಮೇಲೆ ಅಂಟಿದ ಮಾಲ್ಟಿನ ಜಾಗದಲ್ಲಿ ದಪ್ಪ ಮೀಸೆ ಬರೆದು, 'ಗಾನಪ್ಪ' ಅಂತ ಸ್ಟಿಕ್ಕರ್ ಮಾಡಿದ್ದಾರೆ. ಅವಳು ಲೆಕ್ಕದ ಡೌಟ್ ಕೇಳಿದರೆ ಉತ್ತರ ಆ ಸ್ಟಿಕ್ಕರ್. ನಾಳೆ ಟೆಸ್ಟ್ ಇದೆಯಾ ಅಂದರೆ ಆ ಸ್ಟಿಕ್ಕರ್. "ಪ್ಲೀಸ್ ಡಿಲೀಟ್ ಮಾಡ್ರೋ" ಅಂತ ಬೇಡಿಕೊಂಡಿದ್ದಾಳೆ. ಅದರ ಕೆಳಗೆ ಸಾಲಾಗಿ ಹದಿನೆಂಟು ಸ್ಟಿಕ್ಕರ್. ಆಮೇಲೆ ಅವಳು ಬರೆದೇ ಇಲ್ಲ.

ಸಂಜೆ ಅವರ ಮನೆಗೆ ಹೋದೆ. ಹಿತ್ತಲಲ್ಲಿ ಅವಳೊಬ್ಬಳನ್ನೇ ಕೂರಿಸಿಕೊಂಡು ಕೇಳಿದೆ. "ನಂಗೊಂದು ಮಾತು ಹೇಳಬಾರದಿತ್ತೇನೇ?"

"ನೀವೂ ನಕ್ಕಿದ್ರಲ್ಲ ಮಿಸ್."

ಅವಳು ತನ್ನ ಫೋನಿನಲ್ಲಿ ಗ್ರೂಪ್ ತೆರೆದು ತೋರಿಸಿದಳು. ಮೊದಲ ಸ್ಟಿಕ್ಕರಿನ ಕೆಳಗೆ ನಗುವ ಮುಖದ ಪುಟ್ಟ ಗುರುತು ಇತ್ತು. ಅವಳು ಅದನ್ನು ಒತ್ತಿದಳು. ನಕ್ಕವರ ಹೆಸರು ಬಂತು, ಅದರಲ್ಲಿ ನನ್ನದೂ ಇತ್ತು. ಬಸ್ಸಿನಲ್ಲಿ ನಿಂತು ಹೋಂವರ್ಕ್ ಹಾಕುವಾಗ ಏನೋ ತಮಾಷೆ ಅಂತ ಒತ್ತಿ ಮರೆತುಬಿಟ್ಟಿದ್ದೆ. ನಾಚಿಕೆಯಿಂದ ತಲೆ ತಗ್ಗಿಸಿದೆ. "ನನ್ನದು ತಪ್ಪಾಯ್ತು ಕಣಮ್ಮ, ನಿನ್ನದೇನೂ ತಪ್ಪಿಲ್ಲ" ಅಂದೆ. ಆಗ ಅವಳು ಅತ್ತಳು.

ಮಾರನೇ ದಿನ ಹೆಡ್‌ಮಾಸ್ಟರಿಗೆ ಎಲ್ಲ ತೋರಿಸಿದೆ. ನೋಡಿ ಕೆಂಡವಾದರು. "ಮೊದ್ಲು ಎಲ್ಲಾ ಅಳಿಸ್ರೀ. ಪ್ರಾರ್ಥನೆಯಲ್ಲಿ ಒಬ್ಬೊಬ್ಬರನ್ನೂ ನಿಲ್ಲಿಸಿ ಮಾನ ಕಳೀತೀನಿ!"

ಅಯ್ಯೋ, ಇವರಿಗೆ ಇನ್ನು ಹೇಗೆ ಹೇಳಲಿ! "ಸಾರ್, ಕೈ ಮುಗೀತೀನಿ. ಪ್ರಾರ್ಥನೆಯಲ್ಲಿ ಕೂಗಿದ್ರೆ ನೋಡದವರೂ ಹುಡುಕ್ಕೊಂಡು ನೋಡ್ತಾರೆ. ಈಗಲೇ ಅಳಿಸಿದ್ರೆ ಯಾರು ಯಾವತ್ತು ಏನು ಮಾಡಿದ್ರು ಅನ್ನೋದಕ್ಕೆ ಸಾಕ್ಷಿ ಎಲ್ಲಿ?"

"ಆದ್ರೂ ಇದು ಸ್ಕೂಲಿನ ಗೇಟಿಂದ ಆಚೆ..." ಅಂತ ಶುರು ಮಾಡಿದವರು ಫೋಟೋ ಇನ್ನೊಮ್ಮೆ ನೋಡಿದರು. "ಫೋಟೋ ನಮ್ಮದು, ಗ್ರೂಪು ನಮ್ಮದು. ಹೇಳಿ ಮೇಡಂ, ಏನು ಮಾಡೋಣ?"

ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಇಟ್ಟೆವು. ಆಮೇಲೆ ಗ್ರೂಪಿನಿಂದ ಅಳಿಸಿದೆವು. ಸ್ಟಿಕ್ಕರ್ ಮಾಡಿದ್ದು ಗಾನವಿಯ ಪಕ್ಕದಲ್ಲೇ ಕೂರುವ ಮೇಘಶ್ರೀ. "ತಮಾಷೆಗೆ ಮಾಡ್ದೆ ಮಿಸ್, ಎಲ್ರೂ ಶುರು ಮಾಡಿದ್ಮೇಲೆ ಭಯ ಆಯ್ತು" ಅಂದಳು. ಅವಳ ತಾಯಿ ಕಾಂತಮ್ಮನವರನ್ನು ಕರೆಸಿ ಬೇರೆ ಕೋಣೆಯಲ್ಲಿ ಮಾತಾಡಿದೆವು. ಸ್ಟಿಕ್ಕರ್ ಕಳಿಸಿದ ಉಳಿದವರ ಹತ್ತಿರವೂ ಒಬ್ಬೊಬ್ಬರನ್ನೇ ಕರೆದು ಮಾತಾಡಿದೆವು.

ವಿಷಯ ತಿಳಿಸಿದಾಗ ಚಿಕ್ಕಣ್ಣ ಮಗಳ ಕೈಯಿಂದ ಫೋನ್ ಕಿತ್ತುಕೊಳ್ಳಲು ಹೊರಟಿದ್ದರು. "ಹಾಗೆ ಮಾಡಬೇಡಿ, ಫೋನ್ ಹೋಗುತ್ತೆ ಅಂತ ಗೊತ್ತಾದ್ರೆ ಮುಂದೆ ಏನೂ ಹೇಳಲ್ಲ ಅವಳು" ಅಂದೆ.

"ತಪ್ಪು ಮಾಡದ ಮಗೂನ ಹೊಡೆದ್ನಲ್ಲ ಮೇಡಂ" ಅಂತ ಅವರು ಟಿ.ಸಿ. ಅರ್ಜಿ ಹರಿದು ಹಾಕಿದರು. ಸೋಮವಾರ ಗಾನವಿ ಬಂದಳು. ಹಿಂದಿನ ಬೆಂಚಿನಲ್ಲಿ ಕೂತಳು. ಇನ್ನೂ ಕೈ ಎತ್ತುತ್ತಿಲ್ಲ. ದಿನಾ ಎರಡು ಮಾತು ಆಡಿಸುತ್ತೇನೆ, ಕಾಯುತ್ತಿದ್ದೇನೆ.

ಶಾಲೆಯಲ್ಲಿ ಕೆಲಸ ಮಾಡುವ ಅಕ್ಕ ಅಣ್ಣಂದಿರೇ, ಮಗು ಊಟ ಬಿಟ್ಟರೆ, ಮಾತು ಬಿಟ್ಟರೆ, ಸುಮ್ಮಸುಮ್ಮನೆ ರಜೆ ಹಾಕಿದರೆ ಹಟ ಅನ್ನಬೇಡಿ. ಒಂಟಿಯಾಗಿ ಕೂರಿಸಿ ಕೇಳಿ. ಅಡುಗೆಯವರು ಬಂದು ಹೇಳಿದರೂ ಕಿವಿಗೊಡಿ. ಬೆದರಿಕೆಯೋ ಅಶ್ಲೀಲ ಚಿತ್ರವೋ ಇದ್ದರೆ ಆ ಚಿತ್ರವನ್ನು ಯಾರಿಗೂ ಕಳಿಸದೆ, ತಡಮಾಡದೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಪೊಲೀಸರಿಗೂ ತಿಳಿಸಿ.

ಇವತ್ತೇ ನಿಮ್ಮ ಕ್ಲಾಸ್ ಗ್ರೂಪ್ ತೆರೆದು ಮೇಲಿನಿಂದ ಓದಿ. ನಗುವ ಗುರುತು ಒತ್ತಿ ನಕ್ಕವರ ಹೆಸರನ್ನೂ ನೋಡಿ. ನಾನು ನೋಡುವ ಹೊತ್ತಿಗೆ ಒಂದು ಮಗು ಎರಡು ವಾರ ಒಂಟಿಯಾಗಿ ಅತ್ತಿತ್ತು.