ಹೋಲಿಸನ ತಟ್ಟೆ

ದೇವರು ಕೂಡಿಸಿದ್ದಕ್ಕೂ ಸಾಕ್ಷಿ ಕೇಳುವುದು ಮನುಷ್ಯರ ಪದ್ಧತಿ. ಗಂಡ ಹೋಲಿಸ್ ಮಣ್ಣು ಸೇರಿದ ಮೇಲೆ ಅವನ ಪಿಂಚಣಿಗೆಂದು ಸರ್ಕಾರಿ ಕಚೇರಿಗೆ ಹೋದ ವರ್ನೀಸಳನ್ನು ಅಲ್ಲಿ ಮೊದಲು ಕೇಳಿದ್ದೇ ಮದುವೆಯ ಪತ್ರ.

ಅಲಬಾಮಾದ ಆ ಕೆಮ್ಮಣ್ಣಿನ ಊರಲ್ಲಿ ಅವಳು ಉಳ್ಳವರ ಮನೆ ಒರೆಸಿ, ಅವರ ಮಕ್ಕಳನ್ನು ಆಡಿಸಿ ಸವೆದಿದ್ದಳು. ಕೂಲಿ ಕೈಗೇ ಬಂತು. ಅವಳ ಹೆಸರಿನಲ್ಲಿ ಸರ್ಕಾರಕ್ಕೆ ಯಾರೂ ಏನೂ ಕಟ್ಟಲಿಲ್ಲ. ಸ್ವಂತ ಪಿಂಚಣಿಯಿಲ್ಲ. ಉಳಿದದ್ದು ಹೋಲಿಸನ ಹೆಂಡತಿಯೆಂಬ ದಾರಿಯೊಂದೇ. ಆದರೆ ಮದುವೆಯ ಪತ್ರವೆಲ್ಲಿತ್ತು? ಒಂದು ಸಂಜೆ ಅವನು ಅವಳ ಟ್ರಂಕು ಹೊತ್ತು ಮನೆಗೆ ತಂದ. ಊರು ಒಪ್ಪಿತು, ಬಾಳು ನಡೆಯಿತು. ಗಂಡನ ಕಡೆಯ ಇಬ್ಬರು ರಕ್ತಸಂಬಂಧಿಗಳು ಹೌದೆಂದರೆ ಅಂಥ ಮದುವೆಯನ್ನೂ ಕಾನೂನು ಒಪ್ಪುತ್ತಿತ್ತು.

ಚಿಕ್ಕಪ್ಪನ ಮಗ ಹೌದೆಂದ. ಉಳಿದವಳು ಹೋಲಿಸನ ಅಕ್ಕ ಅರ್ಡೆಲ್ಲಾ. ಇಷ್ಟು ವರ್ಷವೂ ಆಕೆ ತಮ್ಮನ ಹೆಂಡತಿಯನ್ನು ‘ಮಿಸ್ ವರ್ನೀಸ್, ನೀವು’ ಎಂದೇ ಕರೆದವಳು, ಹೊಸ್ತಿಲಲ್ಲಿ ನಿಂತ ಅತಿಥಿಯನ್ನು ಕರೆದ ಹಾಗೆ. ವರ್ನೀಸಳೂ ಚರ್ಚಿನವರ ರೂಢಿಯಂತೆ ಆಕೆಯನ್ನು ‘ಸಿಸ್ಟರ್’ ಎನ್ನುತ್ತಿದ್ದಳು.

“ಸುಳ್ಳು ಮಾತ್ರ ಹೇಳಲ್ಲ ನಾನು, ಮಿಸ್ ವರ್ನೀಸ್,” ಎಂದಳು ಕಾರು ಹತ್ತುವಾಗಲೇ.

“ಸುಳ್ಳು ಹೇಳಿ ಅಂತ ಯಾರಂದ್ರು, ಸಿಸ್ಟರ್? ನಿಮ್ಮ ಬಾಯಲ್ಲಿ ನಿಜ ಅಂದ್ರೇನೇ ನಂಗೆ ಭಯ.”

ಕಚೇರಿಯ ಹುಡುಗಿ ಕೇಳಿದಳು: “ಮೇಡಂ, ಇವರು ನಿಮ್ಮ ತಮ್ಮನ ಹೆಂಡತಿ ಅಂತ ನಿಮಗೆ ಯಾವಾಗ ಗೊತ್ತಾಯ್ತು?”

ವರ್ನೀಸ್ ಮನಸ್ಸಿನಲ್ಲೇ ಯೇಸುವನ್ನು ನೆನೆದಳು.

“ಅವನ ತಟ್ಟೆಗೆ ಬಡಿಸೋದು ನಾನು ಬಿಟ್ಟ ದಿನ,” ಎಂದಳು ಅರ್ಡೆಲ್ಲಾ.

ಆ ದಿನ ವರ್ನೀಸಳ ಕಣ್ಣೆದುರು ಬಂದು ನಿಂತಿತು. ದೂರ ಹೋದವರೆಲ್ಲ ವರ್ಷಕ್ಕೊಮ್ಮೆ ಊರಿನ ಚರ್ಚಿಗೆ ಮರಳುವ ಭಾನುವಾರ. ಮರಗಳ ಕೆಳಗೆ ಉದ್ದುದ್ದ ಮೇಜುಗಳು, ಕರಿದ ಮೀನಿನ ಘಮ, ಬೀಸಣಿಗೆಗಳ ಸದ್ದು. ತಾಯಿ ಸತ್ತಂದಿನಿಂದ ತಮ್ಮನ ತಟ್ಟೆಗೆ ಬಡಿಸುತ್ತಿದ್ದವಳು ಅರ್ಡೆಲ್ಲಾ. ಅಲ್ಲಿ ಗಂಡಸಿನ ತಟ್ಟೆಗೆ ತಾಯಿಯೋ ಅಕ್ಕನೋ ಬಡಿಸಬೇಕು, ಇಲ್ಲವೇ ಹೆಂಡತಿ. ಬೇರೊಬ್ಬಳು ಕೈಯಿಟ್ಟರೆ ಊರೇ ಹುಬ್ಬೇರಿಸುತ್ತಿತ್ತು. ಅಂದು ಆಕೆ ಸೌಟನ್ನು ಎತ್ತಿದವಳು ಹಾಗೇ ನಿಂತು, ಖಾಲಿ ತಟ್ಟೆಯನ್ನು ವರ್ನೀಸಳ ಕೈಗಿಟ್ಟು, “ಸೊಪ್ಪಿನ ನೀರು ಗೆಣಸಿನ ಸಿಹಿ ಪೈಗೆ ತಾಗಿದ್ರೆ ಅವನು ಮುಟ್ಟಲ್ಲ,” ಎಂದಷ್ಟೇ ಹೇಳಿ ಬೆನ್ನು ತಿರುಗಿಸಿದ್ದಳು. ಗದರಿಕೆಯೆಂದು ತಿಳಿದು ವರ್ನೀಸ್ ಅದನ್ನು ಇಷ್ಟು ಕಾಲ ಹೊತ್ತುಕೊಂಡು ಬಂದಿದ್ದಳು.

“ಪಾದ್ರಿ ಎದುರಿಗೇ ಕೊಟ್ಟೆ ಕಣಮ್ಮ,” ಎನ್ನುತ್ತಿದ್ದಳು ಅರ್ಡೆಲ್ಲಾ ಕಚೇರಿಯ ಹುಡುಗಿಗೆ. “ಊರೆಲ್ಲ ನೋಡ್ತು. ಅದಕ್ಕಿಂತ ಮದುವೆ ಇನ್ಯಾವುದು?”

ಹುಡುಗಿ ನಕ್ಕಳು. “ನಮ್ಮಪ್ಪನ ತಟ್ಟೆಗೆ ಬೇರೆಯೋರು ಕೈ ಹಾಕಿದ್ರೆ ನಮ್ಮಮ್ಮ ಆವತ್ತು ಮಾರಾಮಾರಿಗೇ ನಿಲ್ತಾಳೆ,” ಎನ್ನುತ್ತ, ಅರ್ಡೆಲ್ಲಾ ಹೇಳಿದ್ದನ್ನು ಹಾಗೆಯೇ ಬರೆದುಕೊಂಡಳು. ವಿಧವೆಯ ಪಾಲು ಮಂಜೂರಾಯಿತು.

ಮುಂದೆ ಆ ಭಾನುವಾರ ಮತ್ತೆ ಬಂತು. ವರ್ನೀಸ್ ಖಾಲಿ ತಟ್ಟೆ ಹಿಡಿದು ಮೇಜಿನ ಬಳಿ ನಿಂತಳು. ಯಾರಿಗೆಂದು ಬಡಿಸುವುದು?

“ವರ್ನೀಸ್, ಕೊಡೇ ಇಲ್ಲಿ ಆ ತಟ್ಟೇನ.” ಅರ್ಡೆಲ್ಲಾ ಸೌಟು ಹಿಡಿದಿದ್ದಳು. “ಸೊಪ್ಪಿನ ನೀರು ಪೈಗೆ ತಾಗಿದ್ರೆ ನಿಂಗೂ ಆಗಲ್ವಾ?”

“ಆಗುತ್ತೆ, ಸಿಸ್ಟರ್. ಅವನಿಗೇ ಆಗ್ತಿರ್ಲಿಲ್ಲ.”

ಆದರೂ ಅರ್ಡೆಲ್ಲಾ ಪೈಯನ್ನು ತಟ್ಟೆಯ ಆಚೆ ಅಂಚಿಗೇ ಇಟ್ಟಳು.